ಬ್ಯಾಟರಿ ಇರುವುದು ಸುತ್ತುದಾರಿಗೆ

ಇ-ಸೈಕಲ್ ನೋಡಲು ಅಂಗಡಿಗೆ ಬಂದವರ ಮೊದಲ ಪ್ರಶ್ನೆ, ಊರು ಮಧುಗಿರಿಯಾಗಲಿ ಶಿರಾ ಆಗಲಿ, ಒಂದೇ: "ಒಂದ್ ಚಾರ್ಜಿಗೆ ಎಷ್ಟು ಕಿಲೋಮೀಟ್ರು ಬತ್ತದಣ್ಣ?" ಎರಡನೆಯದು, "ಲೈಸೆನ್ಸ್ ಬೇಕಾ?" ಎರಡಕ್ಕೂ ಉತ್ತರ ಸುಲಭ. ಯಾವ ರಸ್ತೆಯಲ್ಲಿ ಓಡಿಸಬೇಕು ಎಂಬ ಮೂರನೆಯ ಪ್ರಶ್ನೆ ಮಾತ್ರ ಅಂಗಡಿಯಲ್ಲಿ ಏಳುವುದೇ ಇಲ್ಲ. ಜೀವ ನಿಂತಿರುವುದು ಅದರ ಮೇಲೆ.

ಮೊದಲೆರಡನ್ನು ಮುಗಿಸಿಬಿಡೋಣ. ಮಾರುಕಟ್ಟೆಯ ಸಾಮಾನ್ಯ ಇ-ಸೈಕಲ್ಲಿನ ಬ್ಯಾಟರಿ 36 ವೋಲ್ಟ್, 8ರಿಂದ 10 ಆಂಪಿಯರ್-ಅವರ್. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟೂ ಬೇಡ. ಗೃಹಜ್ಯೋತಿ ಇರುವ ಮನೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಪೆಟ್ಟಿಗೆಯ ಮೇಲೆ 40, 50, 60 ಕಿ.ಮೀ. ಎಂದು ಬರೆದಿರುತ್ತಾರೆ, ನೀವೂ ತುಳಿದರೆ ಮಾತ್ರ ಅದು ನಿಜ. ಆ್ಯಕ್ಸಿಲರೇಟರ್ ತಿರುವಿ ಕಾಲು ಆಡಿಸದೆ ಕೂತರೆ ಅದರಲ್ಲಿ ಅರ್ಧ ಬಂದರೆ ಪುಣ್ಯ. ಆಷಾಢದ ಗಾಳಿಯಲ್ಲಿ ಮಧುಗಿರಿಯಿಂದ ಪಡುವಣಕ್ಕೆ, ಶಿರಾ ಕಡೆಗೆ ಹೊರಟವರಿಗೆ ಅದೂ ಅನುಮಾನ.

ಇನ್ನು ಲೈಸೆನ್ಸು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿ.ಮೀ. ಮುಟ್ಟುತ್ತಲೇ, ಅಥವಾ ತುಳಿಯುವುದು ನಿಂತರೆ ಅದಕ್ಕೂ ಮುಂಚೆಯೇ ಮೋಟರು ಸುಮ್ಮನಾಗುವ ಸೈಕಲ್ಲು ಮೋಟಾರು ವಾಹನವೇ ಅಲ್ಲ. ಲೈಸೆನ್ಸಿಲ್ಲ, ನೋಂದಣಿಯಿಲ್ಲ, ವಿಮೆಯಿಲ್ಲ. ನಿಯಮ ಕೇಳುವುದು ಸರಿಯಾದ ಬ್ರೇಕು, ಮುಂದೊಂದು ಬಿಳಿ, ಹಿಂದೊಂದು ಕೆಂಪು ಪ್ರತಿಫಲಕ. ಡೈನಮೊ ದೀಪವಿಲ್ಲದೆ ಕತ್ತಲಲ್ಲಿ ಸಿಕ್ಕಿಬಿದ್ದರೆ ಪೊಲೀಸಪ್ಪ ಚಕ್ರದ ಗಾಳಿ ಬಿಡುತ್ತಿದ್ದ ಕಾಲವನ್ನು ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆಗ ಹನ್ನೆರಡು ಕಿಲೋಮೀಟರಿನ ಸೈಕಲ್ಲಿಗೆ ದೀಪ ಬೇಕಿತ್ತು. ಈಗ ಇಪ್ಪತ್ತೈದರದ್ದಕ್ಕೆ ಎರಡು ಬಿಲ್ಲೆ ಸಾಕಾಗಿದೆ. ಕೆಲವರು ವೇಗ ತಡೆಯುವ ವೈರನ್ನೇ ಕಿತ್ತುಹಾಕಿ 35, 40ಕ್ಕೆ ಏರಿಸಿಕೊಳ್ಳುತ್ತಾರೆ. ಹಾಗೆ ಮಾಡಿದ ಗಳಿಗೆಯಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಯಾರಿಗಾದರೂ ಗುದ್ದಿದರೆ ಪರಿಹಾರ ಕಟ್ಟಬೇಕಾದವರು ನೀವೇ.

ಯುರೋಪಿನ ಒಕ್ಕೂಟದಲ್ಲೂ ಗಡಿ ಇದೇ 250 ವ್ಯಾಟು, 25 ಕಿ.ಮೀ. ಆದರೆ ಒಂದು ವ್ಯತ್ಯಾಸವಿದೆ. ಮಾರಾಟವಾಗುವ ಹೊಸ ಸೈಕಲ್ಲುಗಳಲ್ಲಿ ಸುಮಾರು ಅರ್ಧದಷ್ಟು ಇ-ಸೈಕಲ್ಲೇ ಆಗಿರುವ ನೆದರ್‌ಲ್ಯಾಂಡ್ಸಿನಲ್ಲಿ ಅವಕ್ಕೆ ಓಡಲು ಬೇರೆಯದೇ ದಾರಿಯಿದೆ. ನಮ್ಮಲ್ಲಿ ನಿಯಮ ಬಂದಿದೆ, ದಾರಿ ಬಂದಿಲ್ಲ.

ಇಪ್ಪತ್ತೈದು ಎಂದರೆ ಏನು ಮಹಾ ವೇಗ ಎನ್ನಬಹುದು. ಲೆಕ್ಕ ನೋಡಿ. ಹದಿನೈದರ ವೇಗದಲ್ಲಿ ಬರುವವನು ಅಡ್ಡ ಬಂದ ಕುರಿಯನ್ನು ಕಂಡು ಬ್ರೇಕು ಹಿಡಿದು ನಿಲ್ಲಲು ಆರೇಳು ಮೀಟರು ಸಾಕು. ಇಪ್ಪತ್ತೈದರವನಿಗೆ ಹದಿಮೂರು ಬೇಕು. ಬಿದ್ದರೆ ಏಟಿನ ಶಕ್ತಿ ಎರಡೂಮುಕ್ಕಾಲು ಪಟ್ಟು. ಸೈಕಲ್ಲಿನ ತೂಕವೂ ಇಪ್ಪತ್ತು ಕೆ.ಜಿ. ದಾಟುತ್ತದೆ. ಇದಕ್ಕಿಂತ ದೊಡ್ಡ ತೊಡಕು ಎದುರಿನವರ ಕಣ್ಣಿನಲ್ಲಿದೆ. ಗೇಟಿನ ಅಡ್ಡರಸ್ತೆಯಿಂದ ಟ್ರ್ಯಾಕ್ಟರ್ ಹೊರಳಿಸುವವರು ಸೈಕಲ್ಲನ್ನು ಕಂಡರೆ ಸೈಕಲ್ಲಿನ ವೇಗವನ್ನೇ ಅಂದಾಜು ಮಾಡುತ್ತಾರೆ. ಇನ್ನೂ ಹೊತ್ತಿದೆ ಎಂದುಕೊಂಡು ನುಗ್ಗುತ್ತಾರೆ. ಹೊತ್ತು ಇರುವುದಿಲ್ಲ. ಅದರ ಮೇಲೆ ಸದ್ದೂ ಇಲ್ಲದ ಗಾಡಿ. ಹೆದರಿದ ಕುರಿಮಂದೆ ಯಾವ ಕಡೆ ಹಾಯುತ್ತದೆಂದು ಕಾಯುವವರಿಗೂ ಗೊತ್ತಾಗುವುದಿಲ್ಲ. ಗಂಟೆಯನ್ನು ದೂರದಿಂದಲೇ ಬಾರಿಸುತ್ತ ಬರಬೇಕು.

ಈಗ ರಸ್ತೆಗೆ ಬರೋಣ. ತುಮಕೂರು ಜಿಲ್ಲೆಯ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ, ಮೂರು ದೊಡ್ಡ ದಾರಿಗಳಿವೆ. ಶಿರಾವನ್ನು ತಾಕಿ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ. ಶಿರಾದಿಂದ ಮಧುಗಿರಿ ಹಾದು ಗೌರಿಬಿದನೂರಿಗೆ ಹೋಗುವ 69ನೇ ಹೆದ್ದಾರಿ. ಮಳವಳ್ಳಿಯಿಂದ ತುಮಕೂರು, ಕೊರಟಗೆರೆ, ಮಧುಗಿರಿ ದಾಟಿ ಪಾವಗಡ ಮುಟ್ಟುವ ರಾಜ್ಯ ಹೆದ್ದಾರಿ. 48ರಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ 2022ರ ಆಗಸ್ಟ್ 25ರ ಬೆಳಗಿನ ಜಾವ ಲಾರಿ, ಕ್ರೂಸರ್ ಡಿಕ್ಕಿಯಾಗಿ ರಾಯಚೂರು ಕಡೆಯ ಒಂಬತ್ತು ಮಂದಿ ಕೂಲಿಕಾರರು ಸತ್ತದ್ದನ್ನು ಜಿಲ್ಲೆ ಮರೆತಿಲ್ಲ. ದೇಶದಲ್ಲಿ ಆ ವರ್ಷ ರಸ್ತೆಯಲ್ಲಿ ಸತ್ತವರು 1.68 ಲಕ್ಷ. ಅಪಘಾತದ ಬಗೆಗಳಲ್ಲಿ ಹಿಂದಿನಿಂದ ಬಂದು ಗುದ್ದುವುದಕ್ಕೇ ಮೊದಲ ಸ್ಥಾನ. ಸೈಕಲ್ ಸವಾರನಿಗೆ ಕಾಣದಿರುವುದು ಬೆನ್ನ ಹಿಂದಿನದೇ. ಎಂಬತ್ತರಲ್ಲಿ ಬರುವ ಲಾರಿಗೆ ಐವತ್ತು ಮೀಟರ್ ಮುಂದಿರುವ ಇ-ಸೈಕಲ್ಲನ್ನು ಮುಟ್ಟಲು ಮೂರೂಕಾಲು ಸೆಕೆಂಡು ಸಾಕು. ಹಳೆಯ ಸೈಕಲ್ಲಾದರೆ ಇನ್ನರ್ಧ ಸೆಕೆಂಡು ಮೊದಲೇ. ಮೋಟರು ಹೆದ್ದಾರಿಯಲ್ಲಿ ನಮಗೆ ಗಳಿಸಿಕೊಡುವುದು ಈ ಅರ್ಧ ಸೆಕೆಂಡನ್ನು, ಅಷ್ಟೇ. ಅದನ್ನು ನಂಬಿ ಹೆದ್ದಾರಿಗೆ ಇಳಿಯುವುದು ಹುಂಬತನ.

ಹಾಗಾದರೆ ಇಷ್ಟು ದುಡ್ಡು ಯಾತಕ್ಕೆ? ನನ್ನ ಉತ್ತರ: ಸುತ್ತುದಾರಿಗೆ. ಹಳೆಯ ಸೈಕಲ್ಲಿನಲ್ಲಿ ನಾವು ಹೆದ್ದಾರಿ ಹಿಡಿಯುತ್ತಿದ್ದದ್ದು ಆಸೆಯಿಂದಲ್ಲ, ಸುಸ್ತಿನಿಂದ. ಊರೊಳಗಿನ ದಾರಿ ನಾಲ್ಕು ಮೈಲಿ ಜಾಸ್ತಿ, ನಡುವೆ ಎರಡು ದಿಬ್ಬ, ಎದುರು ಗಾಳಿ. ತೊಡೆ ನೋವಿಗೆ ಹೆದರಿ ಲಾರಿಗಳ ಪಕ್ಕ ತುಳಿಯುತ್ತಿದ್ದೆವು. ಆ ನಾಲ್ಕು ಮೈಲಿಯ ಸುಸ್ತನ್ನು ಮೋಟರು ತಾನು ಹೊರುತ್ತದೆ. ದಿಬ್ಬದಲ್ಲಿ ಅತ್ತಿತ್ತ ವಾಲದೆ ನೇರ ಗೆರೆಯಲ್ಲಿ ಏರುವುದು, ಕೂಡುರಸ್ತೆಯಲ್ಲಿ ನಿಂತಲ್ಲಿಂದ ಚುರುಕಾಗಿ ದಾಟಿಬಿಡುವುದು, ಇವೆರಡೂ ಜೊತೆಗೆ ಸಿಗುವ ಲಾಭ. ಓಲಾಡುವ ಸವಾರನೇ ಹಿಂದಿನ ಗಾಡಿಗೆ ಸಿಗುವುದು.

ಒಳದಾರಿಗಳ ರುಚಿ ಹತ್ತಿದರೆ ಬಿಡುವುದಿಲ್ಲ. ಶಿರಾದಿಂದ ಕಗ್ಗಲಡುವಿಗೆ ಹೋಗಿ. ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರೇ ಕಾಯುತ್ತದೆ. ಮಧುಗಿರಿಯಿಂದ ಪುರವರದ ಕಡೆ ಹೊರಟರೆ ಮೈದನಹಳ್ಳಿಯ ಹುಲ್ಲುಗಾವಲು ಸಿಗುತ್ತದೆ. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಅದು. ಸದ್ದಿಲ್ಲದ ಗಾಡಿ ಶೋಭಿಸುವುದು ಅಲ್ಲೇ. ಕೊರಟಗೆರೆಯಿಂದ ಗೊರವನಹಳ್ಳಿ, ತೀತಾ ಜಲಾಶಯದ ಕಡೆ ಹೋಗುವವರು ಮಂಗಳವಾರ, ಶುಕ್ರವಾರ, ಭಾನುವಾರ ಬಿಡಿ. ಗೊರವನಹಳ್ಳಿಯ ಲಕ್ಷ್ಮಿ ದರ್ಶನಕ್ಕೆ ಬರುವ ಕಾರುಗಳಿಗೆ ಆ ದಿನಗಳಲ್ಲಿ ರಸ್ತೆಯೇ ಸಾಲದು. ಪಾವಗಡದವರಿಗೆ ನಾಗಲಮಡಿಕೆಯ ಉತ್ತರ ಪಿನಾಕಿನಿ ದಡವಿದೆ. ಅದೇ ಹೋಬಳಿಯ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿದೆ. ಇಷ್ಟು ಬಿಸಿಲಿರುವ ಸೀಮೆಯಲ್ಲಿ ಒಂದು ಎಚ್ಚರಿಕೆ: ಕಾದ ಬ್ಯಾಟರಿಯನ್ನು ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ನೆರಳಲ್ಲಿ ಆರಲಿ.

ಒಳದಾರಿಯಲ್ಲೂ ಅಪಾಯವಿದೆ, ಬೇರೆ ಬಗೆಯದು. ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿದ ಕಡೆ ಇಳಿದು ತಳ್ಳಿಕೊಂಡು ಹೋಗಿ. ಹುಲ್ಲು ಚಕ್ರದ ಅಚ್ಚಿಗೆ ಸುತ್ತಿಕೊಂಡರೆ ಮೋಟರಿನ ವೈರನ್ನೂ ಎಳೆದುಕೊಳ್ಳುತ್ತದೆ. ಬಣ್ಣವಿಲ್ಲದ ಹಂಪ್ಸು, ಹಿಂದೆ ಕೆಂಪು ದೀಪವಿಲ್ಲದ ಟ್ರೇಲರು ಕತ್ತಲಲ್ಲಿ ಕಾಣುವುದಿಲ್ಲ. ಡಾಂಬರಿನ ಅಂಚು ಗೇಣುದ್ದ ಇಳಿದಿರುವ ಕಡೆ ಅಂಚಿಗೇ ಒತ್ತಿಕೊಂಡು ಹೋಗುವುದು ಸಂಕೋಚದ ಸ್ವಭಾವ. ಚಕ್ರ ಒಮ್ಮೆ ಮಣ್ಣಿಗೆ ಇಳಿದರೆ ಮತ್ತೆ ಹತ್ತಿಸುವಾಗ ಬೀಳುವುದು ರಸ್ತೆಯ ಕಡೆಗೇ. ಎರಡು ಮೂರು ಅಡಿ ಒಳಗೇ ಇರಿ. ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ. ಅವರು ನಿಮ್ಮನ್ನು ಕಂಡಿದ್ದಾರೆ ಎಂದು ತಿಳಿಯಿರಿ.

ಕೊಳ್ಳುವವರಿಗೆ ನಾಲ್ಕು ಮಾತು. 25,000ದಿಂದ 50,000 ರೂಪಾಯಿಯ ಗಾಡಿಗಳಲ್ಲಿ ಮೊದಲು ಬ್ರೇಕು ನೋಡಿ: ಎರಡೂ ಚಕ್ರಕ್ಕೆ ಡಿಸ್ಕ್ ಇರಲಿ, ಲಿವರ್ ಹಿಡಿದ ಕೂಡಲೇ ಮೋಟರು ನಿಲ್ಲಲಿ. ಪೆಡಲಿನ ಸೆನ್ಸರಿನಲ್ಲಿ ಎರಡು ಬಗೆ. ಒಂದು ಪೆಡಲು ತಿರುಗುವುದನ್ನಷ್ಟೇ ಎಣಿಸುತ್ತದೆ. ನೀವು ಅರ್ಧ ಸುತ್ತು ತುಳಿದ ಮೇಲೆ ಮೋಟರು ತಟ್ಟನೆ ಎಳೆಯುತ್ತದೆ, ಸಂತೆಬೀದಿಯಲ್ಲಿ ಇದು ಕಷ್ಟ. ಇನ್ನೊಂದು ಪಾದದ ಒತ್ತಡ ಅಳೆದು ಅಷ್ಟಕ್ಕೆ ತಕ್ಕಷ್ಟೇ ಬಲ ಸೇರಿಸುತ್ತದೆ. ಬೆಲೆ ಹೆಚ್ಚು, ಒಗ್ಗಿಕೊಂಡರೆ ಮೋಟರಿರುವುದೇ ಮರೆತುಹೋಗುತ್ತದೆ. ಬಲಗಡೆಗೊಂದು ಕನ್ನಡಿ, ಹಗಲಲ್ಲೂ ಮಿನುಗುವ ಕೆಂಪು ದೀಪ, ತಲೆಗೆ ಹೆಲ್ಮೆಟ್ಟು: ಕಾನೂನು ಕೇಳದಿದ್ದರೂ ಈ ಮೂರಕ್ಕೆ ದುಡ್ಡು ತೆಗೆದಿಡಿ.

ಕೊನೆಯದಾಗಿ ಶಾಲೆಯ ಮಕ್ಕಳು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಸಾಲು ಹಿಡಿದು ಹೈಸ್ಕೂಲಿಗೆ ಬಂದರು. ಕೋವಿಡ್ ಬಂದ 2020-21ರಲ್ಲಿ ಅದು ನಿಂತಿತು. ಬಸ್ಸೇ ಕ್ಷೇಮ ಎನ್ನುವ ಹಾಗೂ ಇಲ್ಲ: 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಕಿಕ್ಕಿರಿದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿ ವಿದ್ಯಾರ್ಥಿಗಳು ಸತ್ತರು. ಮಗಳಿಗೊಂದು ಇ-ಸೈಕಲ್ ಕೊಡಿಸೋಣ ಎಂದು ಈಗ ಯೋಚಿಸುವ ತಂದೆತಾಯಿ ಅಂಗಡಿಗೆ ಹೋಗುವ ಮುಂಚೆ ಒಂದು ಬೆಳಗ್ಗೆ ಅವಳ ಶಾಲೆಯ ದಾರಿಯಲ್ಲಿ ತಾವೇ ಹೋಗಿಬರಲಿ. ಒಳದಾರಿ ಇದ್ದರೆ ಕೊಡಿಸಿ, ಎರಡು ಮೈಲಿ ಜಾಸ್ತಿಯಾದರೂ ಸರಿ. ಶಾಲೆಗೆ ಹೆದ್ದಾರಿಯೊಂದೇ ದಾರಿ, ಅದಕ್ಕೆ ಸರ್ವಿಸ್ ರೋಡೂ ಇಲ್ಲವೆಂದಾದರೆ ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ಸರ್ವಿಸ್ ರೋಡು ಕೇಳಿ ಊರವರೆಲ್ಲ ಸಹಿ ಹಾಕಿದ ಅರ್ಜಿ ಮೊದಲು ತಾಲ್ಲೂಕು ಕಚೇರಿಗೆ ಹೋಗಲಿ.