ನೆಲೆ ತಪ್ಪಿದವರ ಸಿನಿಮಾ ಮತ್ತು ಕ್ರಿಸ್‌ಮಸ್ ರಜೆ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಪತ್ರಿಕೆಗಳ ಪುರವಣಿಗಳು, ಒಟಿಟಿ ವೇದಿಕೆಗಳು ಕ್ರಿಸ್‌ಮಸ್ ರಜೆಗೆ ನೋಡಬೇಕಾದ ಚಿತ್ರಗಳ ಪಟ್ಟಿ ಹಿಡಿದು ನಿಲ್ಲುತ್ತವೆ. ಹೆಸರುಗಳು ಬದಲಾದರೂ ಹೂರಣ ಅದೇ: ಹಿಮ ಬಿದ್ದ ಬೀದಿ, ದೀಪ ತೊಟ್ಟ ಮರ, ದೂರದೂರಿನಿಂದ ಹಬ್ಬಕ್ಕೆ ಬರುವ ಮಗ, ಮುನಿಸು ಮರೆತು ಒಂದೇ ಮೇಜಿಗೆ ಕೂರುವ ಸಂಸಾರ. ಮರಳಿ ಹೋಗಲು ಮನೆಯೊಂದು ಇದ್ದೇ ಇದೆ ಎಂದು ಈ ಚಿತ್ರಗಳು ಮೊದಲೇ ನಂಬಿಕೊಂಡಿರುತ್ತವೆ. ಹಬ್ಬದ ಮೂಲ ಕತೆಯಲ್ಲಿ ಮಾತ್ರ ಆ ಮನೆಯೇ ಇಲ್ಲ. ಲೂಕನ ಸುವಾರ್ತೆಯಲ್ಲಿ ತುಂಬು ಬಸುರಿ ಬೆತ್ಲೆಹೇಮಿಗೆ ಹೋಗುವುದು ಖಾನೇಷುಮಾರಿಗೆ ಹೆಸರು ಬರೆಸಬೇಕೆಂಬ ಸರ್ಕಾರಿ ಆಜ್ಞೆಯಿಂದ. ಛತ್ರದಲ್ಲಿ ಜಾಗ ಸಿಗದೆ ಕೂಸು ಗೋದಲಿಯಲ್ಲಿ ಮಲಗುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಅದೇ ಕುಟುಂಬ ಹೆರೋದನ ಕತ್ತಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಓಡುತ್ತದೆ. ಈ ಕತೆಯನ್ನು ನೆನೆದರೆ, ಈ ರಜೆಗೆ ಹೆಚ್ಚು ಒಪ್ಪುವವು ನೆಲೆ ಕಳೆದುಕೊಂಡವರ ಚಿತ್ರಗಳು. ಬಂಗಾಳಿಯಲ್ಲೂ ಕನ್ನಡದಲ್ಲೂ ಅಂಥದೊಂದು ಗಟ್ಟಿ ಪರಂಪರೆಯಿದೆ. ನಾವು ಅದನ್ನು ಹೊಗಳಿ ಕಪಾಟಿನಲ್ಲಿ ಇಟ್ಟಿದ್ದೇವೆ.

ಈ ಎರಡು ಭಾಷೆಗಳ ಪರಂಪರೆಯನ್ನು ಒಟ್ಟಿಗೆ ಅಳೆಯಲು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಿಂತ ತಕ್ಕ ಜಾಗ ಸಿಗಲಾರದು. ಪೂರ್ವ ಪಾಕಿಸ್ತಾನ ಬಿಟ್ಟುಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಪುನರ್ವಸತಿ ಮಾಡಿತು. ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್ ಎಂದು ಅಂಕಿಯಿಂದಲೇ ಊರುಗಳ ಗುರುತು. ಬಂದವರಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾದ ಈ ಸಮುದಾಯ ಕರ್ನಾಟಕದಲ್ಲೂ ಅದೇ ಮಾನ್ಯತೆ ಬೇಕೆಂದು ಕೇಳುತ್ತ ಬಂದಿದೆ. 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಇಲ್ಲಿನ ಕೆಲವರಿಗೆ ಪೌರತ್ವ ಪತ್ರ ಸಿಕ್ಕಿತು. ಗಡಿ ದಾಟಿ ದಶಕಗಳಾದ ಮೇಲೂ ಹೆಸರು ಬರೆಸುವ ಕೆಲಸ ಮುಗಿದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು ಈ ಸೀಮೆಯ ಗದ್ದೆಗಳಿಗೆ ನೀರು ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಆ ಜಲಾಶಯ ತುಂಬಿದಾಗ ಮೇಲ್ಭಾಗದ ಹಳ್ಳಿಗಳು ಮುಳುಗಿದ್ದವು. ಗಡಿಯಿಂದ ಮನೆ ಕಳೆದುಕೊಂಡವರು ಬೆಳೆಯುವ ಭತ್ತಕ್ಕೆ ಅಣೆಕಟ್ಟಿನಿಂದ ಮನೆ ಕಳೆದುಕೊಂಡವರ ಲೆಕ್ಕವೂ ಸೇರಿದೆ. ಬಂಗಾಳಿ ಸಿನಿಮಾ ಮೊದಲನೆಯವರ ಕತೆ ಹೇಳಿತು, ಕನ್ನಡ ಸಿನಿಮಾ ಎರಡನೆಯವರದ್ದು.

ಹಬ್ಬದ ಚಿತ್ರಗಳ ಪೈಕಿ ಎಲ್ಲರೂ ಒಪ್ಪುವ ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ಕೂಡ ನಿಜಕ್ಕೂ ಸೂರಿನ ಕತೆಯೇ. ಸಣ್ಣ ಊರಿನ ಜಾರ್ಜ್ ಬೇಯ್ಲಿ ನಡೆಸುವುದು ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಸಂಸ್ಥೆ. ಇಟಲಿಯಿಂದ ವಲಸೆ ಬಂದ ಮಾರ್ಟಿನಿ ಬಾಡಿಗೆ ಗುಡಿಸಲು ಬಿಟ್ಟು, ಸಾಮಾನಿನ ಜತೆ ಮಕ್ಕಳನ್ನೂ ಮೇಕೆಯನ್ನೂ ಗಾಡಿಗೆ ತುಂಬಿಕೊಂಡು ಸ್ವಂತ ಮನೆಗೆ ಬರುತ್ತಾನೆ. ಹೊಸಿಲಲ್ಲಿ ಬೇಯ್ಲಿ ದಂಪತಿ ಬ್ರೆಡ್ಡು, ಉಪ್ಪು, ದ್ರಾಕ್ಷಾರಸ ಕೊಟ್ಟು ಹರಸುತ್ತಾರೆ. ಗೃಹಪ್ರವೇಶದ ಈ ದೃಶ್ಯ ಇಲ್ಲದಿದ್ದರೆ ಕೊನೆಯಲ್ಲಿ ಊರಿಗೆ ಊರೇ ದುಡ್ಡು ಹಿಡಿದು ಓಡಿಬರುವುದಕ್ಕೆ ಅರ್ಥವೇ ಇರುವುದಿಲ್ಲ. ಇದೂ ಒಂದು ಕಾಲಕ್ಕೆ ಕಡೆಗಣಿಸಿದ ಚಿತ್ರವೇ. ಬಿಡುಗಡೆಯಾದಾಗ ಹಾಕಿದ ಬಂಡವಾಳಕ್ಕೆ ತಕ್ಕ ಗಳಿಕೆ ಬರಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ಯಾರೂ ನವೀಕರಿಸಲಿಲ್ಲ. ಪುಕ್ಕಟೆ ಸಿಗುತ್ತದೆಂದು ಅಮೆರಿಕದ ಟಿವಿ ಕೇಂದ್ರಗಳು ಪ್ರತಿ ಡಿಸೆಂಬರಿನಲ್ಲೂ ಹಾಕತೊಡಗಿದವು. ಹತ್ತಾರು ವರ್ಷ ಕಣ್ಣಿಗೆ ಬಿದ್ದು ಬಿದ್ದೇ ಅದು ಹಬ್ಬದ ಭಾಗವಾಯಿತು. ಚಿತ್ರದ ಗುಣವೊಂದೇ ಅದನ್ನು ಕ್ಲಾಸಿಕ್ ಮಾಡಲಿಲ್ಲ, ಮತ್ತೆ ಮತ್ತೆ ತೋರಿಸಿದ್ದರಿಂದ ಆಯಿತು. ನಮ್ಮ ಚಿತ್ರಗಳಿಗೆ ತಪ್ಪಿದ್ದು ಈ ಅವಕಾಶ.

ಬಂಗಾಳಿಯಲ್ಲಿ ಈ ಪರಂಪರೆಯ ಮೊದಲ ಹೆಜ್ಜೆ ನಿಮಾಯ್ ಘೋಷ್ ಅವರ ‘ಛಿನ್ನಮೂಲ್’ (1950). ಪೂರ್ವ ಬಂಗಾಳದ ಹಳ್ಳಿಯೊಂದರ ರೈತರು ಕಲ್ಕತ್ತೆಗೆ ಬಂದು ಬೀಳುವ ಕತೆ. ಸಿಯಾಲ್ದಾ ನಿಲ್ದಾಣದಲ್ಲಿ ಬೀಡುಬಿಟ್ಟಿದ್ದ ನಿಜವಾದ ನಿರಾಶ್ರಿತರ ನಡುವೆಯೇ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ಊರು ಬಿಡುವ ಹೊತ್ತಿನಲ್ಲಿ ಮುದುಕಿಯೊಬ್ಬಳು ಮನೆಯ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿಯುತ್ತಾಳೆ, ಎಳೆದರೂ ಬಿಡಳು. ರಾಜಕೀಯ ಭಾಷಣವಿಲ್ಲ, ನಕಾಶೆಯಿಲ್ಲ. ಒಂದು ಕಂಬ ಮತ್ತು ಎರಡು ತೋಳು. ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಇಪ್ಪತ್ತು ವರ್ಷ ಕಳೆದ ಮೇಲೆ ‘ಗರಂ ಹವಾ’ (1973) ಮಾಡಿದಾಗ ಆಗ್ರಾದ ಹವೇಲಿಯಲ್ಲೂ ಇಂಥದೇ ಮುದುಕಿ ಇದ್ದಾಳೆ: ಮನೆ ಖಾಲಿ ಮಾಡುವ ದಿನ ಸೌದೆ ಕೋಣೆಯಲ್ಲಿ ಅಡಗಿ ಕೂರುವ ಅವಳನ್ನು ಎತ್ತಿ ತರಬೇಕಾಗುತ್ತದೆ, ಪ್ರಾಣ ಬಿಡಲು ಮತ್ತೆ ಅದೇ ಮನೆಗೆ ಪಲ್ಲಕ್ಕಿಯಲ್ಲಿ ಹೊತ್ತು ತರಬೇಕಾಗುತ್ತದೆ. ಒಂದು ಚಿತ್ರ ಹಿಂದೂ ರೈತರದ್ದು, ಇನ್ನೊಂದು ಮುಸ್ಲಿಂ ಚಪ್ಪಲಿ ವ್ಯಾಪಾರಿಯದ್ದು. ಎರಡೂ ದೇಶವಿಭಜನೆಯನ್ನು ಮನೆಯ ಅತಿ ಮುಪ್ಪಿನ ಹೆಂಗಸಿನ ಮೈಯಿಂದಲೇ ಅಳೆಯುತ್ತವೆ. ಈ ಪರಂಪರೆಯ ದೊಡ್ಡ ಗುಣ ಇದು: ಚರಿತ್ರೆಯನ್ನು ಅದು ಹೊಸಿಲ ಒಳಗಿನಿಂದ ನೋಡುತ್ತದೆ.

‘ಛಿನ್ನಮೂಲ್’ನಲ್ಲಿ ನಟಿಸಿದ್ದ ಋತ್ವಿಕ್ ಘಟಕ್ ಮುಂದೆ ಇನ್ನೂ ಕಷ್ಟದ ಪ್ರಶ್ನೆ ಎತ್ತಿಕೊಂಡರು. ಊರು ಬಿಟ್ಟದ್ದಾಯಿತು, ಕಾಲೊನಿಯಲ್ಲಿ ಗುಡಿಸಲೂ ಎದ್ದಿತು, ಆಮೇಲೆ? ‘ಮೇಘೆ ಢಾಕಾ ತಾರಾ’ದ (1960) ನೀತಾ ಸಂಬಳದ ದಿನ ಎಲ್ಲರಿಗೂ ಬೇಕಾದ್ದು ತರುತ್ತಾಳೆ, ಅವಳ ಚಪ್ಪಲಿಯ ಉಂಗುಷ್ಠ ಮಾತ್ರ ದಾರಿಯಲ್ಲಿ ಕಿತ್ತುಹೋಗುತ್ತದೆ. ಆಕೆಯ ದುಡಿತದಿಂದ ಸಂಸಾರ ಚೇತರಿಸಿಕೊಳ್ಳುತ್ತದೆ, ಆಕೆ ಕ್ಷಯ ಹಿಡಿದು ಗುಡ್ಡದ ಆಸ್ಪತ್ರೆ ಸೇರುತ್ತಾಳೆ. ಕೊನೆಯಲ್ಲಿ ಕಾಲೊನಿಯ ರಸ್ತೆಯಲ್ಲಿ ಮತ್ತೊಬ್ಬ ಹುಡುಗಿಯ ಚಪ್ಪಲಿ ಕಿತ್ತುಹೋಗುತ್ತದೆ. ನೀತಾಳ ಪಾಡು ಅವಳೊಬ್ಬಳದಲ್ಲ, ಕಾಲೊನಿ ನಿಂತಿರುವುದೇ ಇಂಥ ಹುಡುಗಿಯರ ದುಡಿತದ ಮೇಲೆ ಎಂದು ಆ ಒಂದು ನೋಟ ಸಾರುತ್ತದೆ. 1965ರಲ್ಲಿ ತೆರೆಕಂಡ ‘ಸುವರ್ಣರೇಖಾ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿರಾಶ್ರಿತ ಈಶ್ವರ ಸಾಕಿ ಬೆಳೆಸಿದ ಅಭಿರಾಮ, ರೈಲು ನಿಲ್ದಾಣದಲ್ಲಿ ಸಾಯುತ್ತಿರುವ ಹೆಂಗಸನ್ನು ತನ್ನ ತಾಯಿಯೆಂದು ಗುರುತಿಸುತ್ತಾನೆ. ಅವನ ಕೆಳಜಾತಿ ಬಯಲಾಗುತ್ತದೆ. ತಾನೇ ಎಲ್ಲ ಕಳೆದುಕೊಂಡು ಬಂದ ಈಶ್ವರ ತಂಗಿಯನ್ನು ಅವನಿಗೆ ಕೊಡಲು ಒಪ್ಪುವುದಿಲ್ಲ. ಮನೆ, ಹೊಲ, ನದಿ ಎಲ್ಲ ಗಡಿಯಾಚೆ ಉಳಿದರೂ ಜಾತಿ ಗಂಟಿನಲ್ಲಿ ಜತೆಗೇ ಬಂದಿರುತ್ತದೆ. ಆರ್.ಎಚ್. ಕ್ಯಾಂಪಿನ ಜಾತಿ ಪ್ರಮಾಣಪತ್ರದ ಪ್ರಶ್ನೆ ತಿಳಿದವರಿಗೆ ಈ ದೃಶ್ಯ ಹಳೆಯ ಬಂಗಾಳದ್ದು ಎನಿಸದು.

ಕನ್ನಡದ ಸಾಲು ಬೇರೆ ಕಡೆಯಿಂದ ಬಂದು ಇಲ್ಲಿಗೇ ಸೇರುತ್ತದೆ. ಶಿವರಾಮ ಕಾರಂತರ ಕಾದಂಬರಿ ಆಧರಿಸಿ ಬಿ.ವಿ. ಕಾರಂತರು ಮಾಡಿದ ‘ಚೋಮನ ದುಡಿ’ (1975) ಉಳಲು ತುಂಡು ನೆಲ ಬೇಕೆಂಬ ಹೊಲೆಯನ ಕತೆ. ಧರ್ಮ ಬದಲಿಸಿದರೆ ಭೂಮಿ ಸಿಕ್ಕೀತೆಂಬ ಆಸೆಯಿಂದ ಚೋಮ ಇಗರ್ಜಿಯ ಕಡೆ ಹೆಜ್ಜೆ ಹಾಕಿ, ತನ್ನ ದೈವದ ನೆನಪಿಗೆ ಸೋತು ಹಿಂದಿರುಗುತ್ತಾನೆ. ಚೋಮನಾದ ಎಂ.ವಿ. ವಾಸುದೇವರಾಯರೇ ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿ (2002) ದುಗ್ಗಜ್ಜ. ನೆಲ ಸಿಗದೆ ಸತ್ತವನ ಮುಖವೇ ಇಲ್ಲಿ ಅಣೆಕಟ್ಟಿನ ನೀರಿಗೆ ನೆಲ ಬಿಟ್ಟುಕೊಡಲೊಲ್ಲದ ಮುದುಕನ ಮುಖ. ಶರಾವತಿ ಮುಳುಗಡೆಯನ್ನು ಹತ್ತಿರದಿಂದ ಕಂಡ ಸಾಗರದ ಕ್ರೈಸ್ತ ಲೇಖಕ ನಾ. ಡಿಸೋಜ ಬರೆದ ಕಾದಂಬರಿ ಇದಕ್ಕೆ ಆಧಾರ. ಚಿತ್ರದಲ್ಲಿರುವುದು ಬೆಟ್ಟದ ದೇವರ ಪೂಜೆ ಮಾಡುವ ಬಡ ಸಂಸಾರ. ಏರುವ ನೀರು, ಬಿಡದ ಮಳೆಯ ನಡುವೆ ಸೊಸೆ ನಾಗಿ ಒಬ್ಬಳೇ ಗುಡಿಸಲನ್ನು ಉಳಿಸುತ್ತಾಳೆ. ಮಳೆ ನಿಂತ ಮೇಲೆ ಗಂಡ ಅದೆಲ್ಲ ದೇವರ ಕೃಪೆ ಎನ್ನುತ್ತಾನೆ. ನೀತಾಳ ಕಿತ್ತ ಚಪ್ಪಲಿಗೂ ನಾಗಿಯ ಈ ಗುಡಿಸಲಿಗೂ ನಂಟಿದೆ. ಸೂರು ನಿಲ್ಲುವುದು ಹೆಂಗಸಿನ ತೋಳಬಲದಲ್ಲಿ, ಹೆಸರು ಇನ್ನೊಬ್ಬರಿಗೆ.

ಹಾಗೆಂದು ಈ ಪರಂಪರೆಯನ್ನು ಹೊತ್ತು ಮೆರೆಸಬೇಕಿಲ್ಲ. ಬಂಗಾಳಿ ಕ್ಯಾಮೆರಾ ಹೆಚ್ಚಾಗಿ ಕಲ್ಕತ್ತೆಯ ಸುತ್ತಲಿನ ಕಾಲೊನಿಗಳಲ್ಲೇ ನಿಂತಿತು. ದಂಡಕಾರಣ್ಯ, ಅಂಡಮಾನ್, ಸಿಂಧನೂರು ಎಂದು ದೂರ ಕಳಿಸಿದವರ, ಅದರಲ್ಲೂ ದಲಿತ ರೈತರ ಹಿಂದೆ ಅದು ಹೋದದ್ದು ಕಡಿಮೆ. ಕನ್ನಡದ ಹೊಸ ಅಲೆಗೆ ಮಲೆನಾಡು, ಕರಾವಳಿಯ ಮೇಲೆ ಇದ್ದ ಮೋಹ ಬಯಲುಸೀಮೆಯ ಮೇಲೆ ಇರಲಿಲ್ಲ. ಅನಂತಮೂರ್ತಿಯವರ ಕತೆಯಿಂದ ಸತ್ಯು ಮಾಡಿದ ‘ಬರ’ದಂಥ ಕೆಲವು ಬಿಟ್ಟರೆ ರಾಯಚೂರು ಸೀಮೆಯ ಕೆಂಡದಂಥ ಬಿಸಿಲು, ಕಾಲುವೆ ಕೊನೆಯ ರೈತನ ನೀರಿನ ಜಗಳ, ಕ್ಯಾಂಪುಗಳ ಬಹುಭಾಷೆಯ ಬದುಕು ಪರದೆಗೆ ಬಂದದ್ದು ವಿರಳ. ಎರಡೂ ಪರಂಪರೆಗಳು ಕಳೆದುಕೊಂಡದ್ದನ್ನು ಬಲ್ಲವು. ಗೊತ್ತಿಲ್ಲದ ಮಣ್ಣಿನಲ್ಲಿ, ಗೊತ್ತಿಲ್ಲದ ಭಾಷೆಯ ನೆರೆಯಲ್ಲಿ ಎರಡನೇ ಸಲ ಊರು ಕಟ್ಟುವುದನ್ನು ಅಷ್ಟಾಗಿ ಬಲ್ಲವಲ್ಲ. ಆರ್.ಎಚ್. ಕ್ಯಾಂಪಿನ ಕತೆ ಇರುವುದು ಆ ಎರಡನೇ ಸಲದಲ್ಲಿ.

ಹಬ್ಬದ ಹೊತ್ತಿನಲ್ಲಿ ಈ ಅಳುಮೋರೆಯ ಚಿತ್ರಗಳೇಕೆ ಎಂದು ಕೇಳುವವರಿದ್ದಾರೆ. ಕಾಪ್ರಾನ ನಾಯಕ ಕ್ರಿಸ್‌ಮಸ್ ಹಿಂದಿನ ರಾತ್ರಿ ಸೇತುವೆಯಿಂದ ಹಾರಿ ಸಾಯಲು ಹೊರಟವನು. ಆ ಕತ್ತಲು ಇರುವುದರಿಂದಲೇ ಕೊನೆಯ ಬೆಳಕಿಗೆ ಬೆಲೆ. ‘ದ್ವೀಪ’ದಲ್ಲೂ ಸೂರು ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಹಿಂದೂ, ಮುಸ್ಲಿಂ ಸಂಸಾರಗಳ ನೋವಿಗೆ ಕ್ರೈಸ್ತ ಹಬ್ಬದ ಮುದ್ರೆ ಒತ್ತುವುದು ಸರಿಯೇ ಎಂಬುದು ಇದಕ್ಕಿಂತ ತೂಕದ ಆಕ್ಷೇಪ. ಈ ಚಿತ್ರಗಳನ್ನು ಯಾರೂ ಕ್ರಿಸ್‌ಮಸ್ ಚಿತ್ರ ಎಂದು ಕರೆಯಬೇಕಿಲ್ಲ. ಛತ್ರದಲ್ಲಿ ಜಾಗ ಸಿಗದ ಕುಟುಂಬದ ಕತೆಯನ್ನು ಜಗತ್ತೇ ನೆನೆಯುವ ವಾರದಲ್ಲಿ ಅಂಥ ಕುಟುಂಬಗಳ ಚಿತ್ರ ನೋಡುವುದು ಯಾವ ಧರ್ಮದ ಸ್ವತ್ತನ್ನೂ ಕಸಿದಂತಲ್ಲ. ಡಿಸೋಜರು ಹಿಂದೂ ಸಂಸಾರದ ಕತೆ ಬರೆದಾಗ ಯಾರದನ್ನೂ ಕಸಿದಿರಲಿಲ್ಲ. ‘ಚೋಮನ ದುಡಿ’, ‘ದ್ವೀಪ’ ಎರಡೂ ಸ್ವರ್ಣಕಮಲ ಪಡೆದವು, ಘಟಕ್ ಪಠ್ಯವಾಗಿದ್ದಾರೆ, ಕಡೆಗಣನೆ ಎಲ್ಲಿದೆ ಎಂದೂ ಕೇಳಬಹುದು. ಪ್ರಶಸ್ತಿ ಬಂದದ್ದಕ್ಕೂ ಜನ ಕೂತು ನೋಡಿದ್ದಕ್ಕೂ ಬಹಳ ಅಂತರವಿದೆ. ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದ ಕಾಲದಲ್ಲಿ ಆ ಅಂತರ ತುಸು ಕಿರಿದಾಗಿತ್ತು. ಆ ರೂಢಿ ನಿಂತ ಮೇಲೆ ಚಿತ್ರೋತ್ಸವ, ಫಿಲ್ಮ್ ಸೊಸೈಟಿಗಳಷ್ಟೇ ಇವುಗಳ ಪಾಲಿಗೆ ಉಳಿದವು, ಅವೂ ದೊಡ್ಡ ಊರುಗಳಲ್ಲಿ.

ಕಾಪ್ರಾನ ಚಿತ್ರದ ಪಾಠವನ್ನು ಇಲ್ಲಿ ನಡೆಸಿ ನೋಡಬಹುದು. ಪ್ರತಿ ಡಿಸೆಂಬರ್ ಕೊನೆಯ ವಾರ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಶಾಲೆ, ಕಾಲೇಜಿನ ಸಭಾಂಗಣಗಳಲ್ಲಿ ‘ಛಿನ್ನಮೂಲ್’, ‘ಮೇಘೆ ಢಾಕಾ ತಾರಾ’, ‘ಸುವರ್ಣರೇಖಾ’ ಕನ್ನಡ ಉಪಶೀರ್ಷಿಕೆಯೊಂದಿಗೆ, ‘ಚೋಮನ ದುಡಿ’, ‘ದ್ವೀಪ’ ಬಂಗಾಳಿ ಉಪಶೀರ್ಷಿಕೆಯೊಂದಿಗೆ ತೋರಿಸುವುದು ಒಂದು ಚಲನಚಿತ್ರ ಅಕಾಡೆಮಿಗೋ ವಿಶ್ವವಿದ್ಯಾಲಯಕ್ಕೋ ಆಗದ ಕೆಲಸವಲ್ಲ. ಒಂದು ವರ್ಷದ ಪ್ರದರ್ಶನದಿಂದ ಏನೂ ಆಗದು, ಹತ್ತು ವರ್ಷ ಬಿಡದೆ ನಡೆದರೆ ರೂಢಿಯಾದೀತು. ಈ ಪರಂಪರೆಗೆ ಅತ್ಯಂತ ನಿಷ್ಠುರ ವಿಮರ್ಶಕರು ಹುಟ್ಟಬೇಕಾದದ್ದೂ ಇಲ್ಲಿಯೇ. ಊರು ಬಿಟ್ಟವರ ಕತೆ ನೋಡಿದ ಕ್ಯಾಂಪಿನ ಮೂರನೇ ತಲೆಮಾರು, ಊರು ಕಟ್ಟಿದವರ ಕತೆ ಏಕಿಲ್ಲ ಎಂದು ಕೇಳಿದರೆ ಅದಕ್ಕೆ ಉತ್ತರವಾಗಿ ಒಂದು ಹೊಸ ಚಿತ್ರವೇ ಬರಬೇಕಾಗುತ್ತದೆ.