ಮ್ಯಾಕ್‌ಬೆತ್ ಪಾಠವೂ ಬಿದನೂರಿನ ಅರಮನೆಯೂ

ಪಾಶ್ಚಾತ್ಯರು 'ಟ್ರ್ಯಾಜಿಡಿ' ಎಂದು ಕರೆಯುವ ನಾಟಕಪ್ರಕಾರಕ್ಕೆ ಕನ್ನಡದಲ್ಲಿ 'ರುದ್ರನಾಟಕ' ಎಂಬ ಹೆಸರು ನೆಲೆನಿಂತಿರುವುದು ಅರ್ಥಗರ್ಭಿತವಾಗಿದೆ. 'ದುರಂತ' ಎಂಬ ಇನ್ನೊಂದು ಹೆಸರು ಕಥೆಯ ಕೊನೆಯನ್ನು ಮಾತ್ರ ಸೂಚಿಸುತ್ತದೆ. 'ರುದ್ರ' ಎಂಬ ಮಾತು ಅದರ ಅಂತರಂಗವನ್ನು ಮುಟ್ಟುತ್ತದೆ. ಅಳಿಸುವವನೂ ರುದ್ರನೇ, ದುಃಖವನ್ನು ಓಡಿಸುವವನೂ ರುದ್ರನೇ ಎಂದು ಶಬ್ದವ್ಯುತ್ಪತ್ತಿಯನ್ನು ಬಲ್ಲವರು ಹೇಳುವುದುಂಟು. ಉತ್ತಮ ರುದ್ರನಾಟಕವು ಮಾಡುವ ಕೆಲಸವೂ ಇದೇ. ಷೇಕ್ಸ್‌ಪಿಯರ್ ಮಹಾಕವಿಯು ೧೬೦೬ರ ಸುಮಾರಿಗೆ ರಚಿಸಿದ 'ಮ್ಯಾಕ್‌ಬೆತ್' ಈ ಬಗೆಯ ಕೃತಿಗಳಲ್ಲಿ ಅತ್ಯಂತ ಚಿಕ್ಕದು, ಅತ್ಯಂತ ತೀಕ್ಷ್ಣವಾದದ್ದು.

ಈ ನಾಟಕ ಕನ್ನಡಿಗರಿಗೆ ಹೊಸದಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ೧೮೯೫ರಲ್ಲಿಯೇ ಇದನ್ನು 'ಪ್ರತಾಪರುದ್ರದೇವ' ಎಂಬ ಹೆಸರಿನಿಂದ ನಮ್ಮ ನೆಲದ ಕಥೆಯಾಗಿ ರೂಪಾಂತರಿಸಿದರು. ಡಿ.ವಿ.ಜಿ.ಯವರು ೧೯೩೬ರಲ್ಲಿ ಮೂಲದ ಹೆಸರಿನಿಂದಲೇ ಅನುವಾದಿಸಿದರು. ಆ ಬಳಿಕವೂ ಬೇರೆ ಬೇರೆ ಲೇಖನಿಗಳಿಂದ ಇದು ಕನ್ನಡಕ್ಕೆ ಬಂದಿದೆ. ಹೀಗೆ ಪದೇ ಪದೇ ನಮ್ಮ ಭಾಷೆಗೆ ಬಂದ ಕೃತಿ ನಮ್ಮ ತರಗತಿಗಳಲ್ಲಿ ಯಾವ ರೀತಿಯಲ್ಲಿ ಪಾಠವಾಗುತ್ತದೆ, ಹೇಗೆ ಆಗಬೇಕು ಎಂಬುದು ಪ್ರಸ್ತುತ ಲೇಖನದ ವಿಚಾರ.

ಅಪರಾಧಿ ಯಾರು?

ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಂದ ಮೊದಲುಗೊಂಡು ಮಾರ್ಗದರ್ಶಿ ಪುಸ್ತಕಗಳವರೆಗೆ ಎಲ್ಲೆಡೆಯೂ ಒಂದೇ ಪ್ರಶ್ನೆ ಕಾಣಿಸುತ್ತದೆ: ಮ್ಯಾಕ್‌ಬೆತ್ತನ ಪತನಕ್ಕೆ ಕಾರಣರು ಯಾರು? ಕಾಡುಬಯಲಿನಲ್ಲಿ ಎದುರಾಗಿ ನೀನು ರಾಜನಾಗುವೆ ಎಂದು ಭವಿಷ್ಯ ನುಡಿದ ಮೂವರು ಮಾಟಗಾತಿಯರೋ, ಅವನ ಪುರುಷತ್ವವನ್ನೇ ಹಂಗಿಸಿ ಕೈಗೆ ಕಠಾರಿ ಬರುವಂತೆ ಮಾಡಿದ ಹೆಂಡತಿಯೋ, ಅಥವಾ ಅವನಲ್ಲಿದ್ದ ಮಹತ್ತ್ವಾಕಾಂಕ್ಷೆಯೆಂಬ 'ಮಾರಕ ದೋಷ'ವೋ? ವಿದ್ಯಾರ್ಥಿಯು ಮೂರಕ್ಕೂ ಒಂದಿಷ್ಟು ಪಾಲು ಹಂಚಿ, ಕೊನೆಯದಕ್ಕೆ ಹೆಚ್ಚು ಭಾರ ಹೊರಿಸಿ ಉತ್ತರ ಮುಗಿಸುತ್ತಾನೆ. ಅರಿಸ್ಟಾಟಲನು ಬಳಸಿದ 'ಹಮಾರ್ಷಿಯಾ' ಎಂಬ ಮಾತಿನ ಮೂಲಾರ್ಥ ಬಾಣವು ಗುರಿ ತಪ್ಪುವುದು. ಶಾಲೆಯ ಟಿಪ್ಪಣಿಗಳಲ್ಲಿ ಅದು ಹುಟ್ಟಿನಿಂದ ಬಂದ ಮಚ್ಚೆಯಂತೆ ಒಂದು 'ದೋಷ'ವಾಗಿ ಹೋಗಿದೆ.

ಈ ವಿಧಾನದಲ್ಲಿ ಒಂದು ಕೊರತೆಯಿದೆ. ಅದು ವಿದ್ಯಾರ್ಥಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುತ್ತದೆ. ಕವಿ ಅವನನ್ನು ಕರೆದೊಯ್ಯಬಯಸಿದ್ದು ಬೇರೆಡೆಗೆ. ನಾಟಕದ ಮೊದಲ ಅಂಕದ ಕೊನೆಯ ಭಾಗವನ್ನು ಗಮನಿಸಬೇಕು. ಡಂಕನ್ ದೊರೆ ಮ್ಯಾಕ್‌ಬೆತ್ತನ ಮನೆಯಲ್ಲಿ ಉಣ್ಣುತ್ತಿದ್ದಾನೆ. ಊಟದಿಂದ ಎದ್ದು ಬಂದ ಮ್ಯಾಕ್‌ಬೆತ್ ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ: ಇವನು ನನ್ನ ಬಂಧು, ನಾನು ಇವನ ಪ್ರಜೆ, ಈ ರಾತ್ರಿ ನಾನು ಇವನ ಆತಿಥೇಯ, ಕೊಲೆಗಡುಕನಿಗೆ ಬಾಗಿಲು ಮುಚ್ಚಬೇಕಾದವನು, ಇವನಾದರೋ ಮೃದು ಸ್ವಭಾವದ, ಕಳಂಕವಿಲ್ಲದ ಅರಸು. ಒಂದೊಂದಾಗಿ ಎಲ್ಲ ಧರ್ಮಗಳನ್ನೂ ಅವನೇ ಎಣಿಸುತ್ತಾನೆ. ತನ್ನ ಪಕ್ಷದಲ್ಲಿ ಆಸೆಯೊಂದನ್ನು ಬಿಟ್ಟರೆ ಮತ್ತಾವ ಕಾರಣವೂ ಇಲ್ಲವೆಂಬುದನ್ನೂ ಅವನೇ ಒಪ್ಪುತ್ತಾನೆ. ಒಬ್ಬ ಗುರುವು ಬಂದು ಉಪದೇಶಿಸಬೇಕಾದುದು ಏನೂ ಉಳಿದಿಲ್ಲ. ಆದರೂ ಒಂದು ಗಳಿಗೆಯ ಅನಂತರ ಕೊಲೆಗೆ ಒಪ್ಪುತ್ತಾನೆ.

ನಾಟಕದ ಭೀಕರತೆ ಇರುವುದು ಇಲ್ಲಿ. ಮಾಟಗಾತಿಯರು ಕೊಲ್ಲೆಂದು ಹೇಳಲಿಲ್ಲ. ಆಗುವೆ ಎಂದರು, ಅಷ್ಟೆ. ಅದೇ ಮಾತನ್ನು ಜೊತೆಯಲ್ಲಿದ್ದ ಬ್ಯಾಂಕೋ ಕೂಡ ಕೇಳಿದನು, ಕೊಲೆಗೆ ಹೊರಡಲಿಲ್ಲ. ಮಾಯೆಯ ನೆಲೆ ಹೊರಗಿನ ವಸ್ತುವಿನಲ್ಲಿಲ್ಲ, ಅದನ್ನು ಬಯಸುವ ಚಿತ್ತದಲ್ಲಿದೆ ಎಂಬ ಅಲ್ಲಮಪ್ರಭುಗಳ ನಿಲುವನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಶರಣರು ಇದಕ್ಕೆ ಬಳಸಿದ ಎರಡು ಮಾತುಗಳು ಯಾವ 'ಮಾರಕ ದೋಷ'ಕ್ಕಿಂತಲೂ ಹೆಚ್ಚು ನಿಖರವಾಗಿವೆ: ಅರಿವು, ಆಚಾರ. ಅರಿವು ಆಚಾರಕ್ಕಿಳಿಯದಿದ್ದರೆ ಅದು ಅರಿವೇ ಅಲ್ಲವೆಂಬುದು ವಚನಧರ್ಮದ ತಿರುಳು. ಮ್ಯಾಕ್‌ಬೆತ್ತನು ಅಜ್ಞಾನಿಯಲ್ಲ. ಅರಿವನ್ನು ಒಂದು ಕೈಯಲ್ಲಿ, ಕಠಾರಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಡೆದವನು. ಆದ್ದರಿಂದಲೇ ಅವನನ್ನು ದೂರದಿಂದ ನೋಡಿ ದೂಷಿಸುವುದು ನಮಗೆ ಸುಲಭವಾಗುವುದಿಲ್ಲ. ತಿಳಿದೂ ತಪ್ಪುವುದು ಯಾರ ಬಾಳಿನಲ್ಲಿ ಇಲ್ಲ?

ಅತಿಥಿ, ಮಂತ್ರ, ನೀರು

ಮಲೆನಾಡಿನ ಹಳ್ಳಿಯ ಮಕ್ಕಳಿಗೆ ಸ್ಕಾಟ್ಲೆಂಡಿನ ಕೋಟೆ ಪರಕೀಯವೆಂದು ಅಧ್ಯಾಪಕರು ಅಂಜುವುದುಂಟು. ಆ ಅಂಜಿಕೆ ಅನಾವಶ್ಯಕ. ಮನೆಗೆ ಬಂದ ಜಂಗಮನನ್ನು ಲಿಂಗವೆಂದೇ ಕಾಣುವ ಮನೆತನಗಳಲ್ಲಿ ಬೆಳೆದ ಮಗುವಿಗೆ, ಉಂಡು ಮಲಗಿದ ಅತಿಥಿಯನ್ನು ಕೊಂದನೆಂಬ ಒಂದು ಮಾತು ಸಾಕು. ಅದು ರಾಜದ್ರೋಹಕ್ಕಿಂತ ದೊಡ್ಡದೆಂದು ಅದಕ್ಕೆ ತಾನಾಗಿಯೇ ತಿಳಿಯುತ್ತದೆ.

ಕೊಲೆ ಮುಗಿಸಿ ಹೊರಬಂದ ಮ್ಯಾಕ್‌ಬೆತ್ತನು ಹೆಂಡತಿಗೆ ಹೇಳುವ ಮೊದಲ ಸಂಕಟವೂ ಹಾಗೆಯೇ. ಪಕ್ಕದ ಕೋಣೆಯಲ್ಲಿ ಯಾರೋ ದೇವರನ್ನು ನೆನೆದರು. ಅದಕ್ಕೆ 'ಆಮೆನ್' ಎಂದು ದನಿಗೂಡಿಸಲು ಹೋದರೆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಹೆದರಿದ್ದು ನರಕಕ್ಕಲ್ಲ, ಸೆರೆಮನೆಗೂ ಅಲ್ಲ. ಮಂತ್ರವು ನಾಲಗೆಯಿಂದ ಜಾರಿಹೋಯಿತಲ್ಲ ಎಂದು. ನಿತ್ಯವೂ ಪಂಚಾಕ್ಷರಿಯನ್ನು ಜಪಿಸುವವರಿಗೆ ಈ ಒಂದು ಸನ್ನಿವೇಶ ಹತ್ತು ಪುಟಗಳ ವ್ಯಾಖ್ಯಾನಕ್ಕೆ ಸಮ. ಆಮೇಲೆ ನಿದ್ರೆ ಅವನನ್ನು ಬಿಟ್ಟುಹೋಗುತ್ತದೆ. ಅನಂತರ ಪಂಕ್ತಿಭೋಜನ ಕೆಡುತ್ತದೆ. ತಾನು ಕೊಲ್ಲಿಸಿದ ಬ್ಯಾಂಕೋನ ಪ್ರೇತವು ಅವನ ಆಸನದಲ್ಲೇ ಬಂದು ಕೂರುತ್ತದೆ. ಕೊನೆಗೆ ನೀರೂ ಕೈಬಿಡುತ್ತದೆ. ಒಂದು ಬೊಗಸೆ ನೀರಿನಿಂದ ಎಲ್ಲವೂ ತೊಳೆದುಹೋಗುವುದೆಂದಿದ್ದ ರಾಣಿಯೇ ನಿದ್ದೆಯಲ್ಲಿ ನಡೆಯುತ್ತ, ಕಾಣದ ಕಲೆಯನ್ನು ಉಜ್ಜುತ್ತ, ಕೈ ತೊಳೆಯುತ್ತಲೇ ಇರುತ್ತಾಳೆ. ಅತಿಥಿ, ಮಂತ್ರ, ನಿದ್ರೆ, ಅನ್ನ, ನೀರು: ಮನುಷ್ಯನನ್ನು ಪೊರೆಯುವ ಒಂದೊಂದೂ ಕ್ರಮವಾಗಿ ಆ ದಂಪತಿಗಳಿಂದ ಹಿಂದೆ ಸರಿಯುತ್ತದೆ. ಷೇಕ್ಸ್‌ಪಿಯರ್ ಶಿಕ್ಷೆಯನ್ನು ಹೊರಗಿನಿಂದ ತರುವುದಿಲ್ಲ. ಶತ್ರುವಿನ ಸೇನೆಯು ಕೊಂಬೆಗಳನ್ನು ಹೊತ್ತು ಬರುವ ಹೊತ್ತಿಗೆ ಶಿಕ್ಷೆ ಬಹುಪಾಲು ಮುಗಿದೇ ಹೋಗಿರುತ್ತದೆ.

ಆದರೆ ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಅಪರಾಧಪ್ರಜ್ಞೆ ಬೇರೆ, ಪಶ್ಚಾತ್ತಾಪ ಬೇರೆ. ಮ್ಯಾಕ್‌ಬೆತ್ತನಿಗೆ ಮೊದಲನೆಯದು ತುಂಬಿ ತುಳುಕುವಷ್ಟಿದೆ, ಎರಡನೆಯದಕ್ಕೆ ಅವನು ದಾಟುವುದೇ ಇಲ್ಲ. ರಕ್ತದಲ್ಲಿ ಇಷ್ಟು ದೂರ ನಡೆದ ಮೇಲೆ ಹಿಂದಿರುಗುವುದೂ ಮುಂದುವರಿಯುವುದೂ ಒಂದೇ ಎಂದು ಅವನು ತೀರ್ಮಾನಿಸುತ್ತಾನೆ. ಶರಣರ ದಾರಿ ಇಲ್ಲಿಯೇ ಬೇರೆಯಾಗುತ್ತದೆ. ಕನ್ನ ಹಾಕಲು ಹೋದ ಕಳ್ಳನೇ ಗುರುವಿನ ದೀಕ್ಷಾವಿಧಿಯನ್ನು ಕಂಡು ಮನಸ್ಸು ತಿರುಗಿ ಉರಿಲಿಂಗಪೆದ್ದಿಯಾದನೆಂಬುದು ನಮ್ಮ ಪರಂಪರೆಯ ಕಥೆ. ಬಸವಣ್ಣನವರ ವಚನಗಳಲ್ಲಿ ಪರರನ್ನು ತಿದ್ದುವ ಮಾತಿಗಿಂತ ತಮ್ಮ ಮನಸ್ಸನ್ನೇ ಎದುರಿಗೆ ನಿಲ್ಲಿಸಿ ಬೈದುಕೊಳ್ಳುವ ಮಾತು ಹೆಚ್ಚು. ಹಿಂದಿರುಗುವ ದಾರಿ ಎಂದೂ ಮುಚ್ಚಿಲ್ಲವೆಂಬುದೇ ಆ ಆತ್ಮನಿಂದೆಯ ಹಿಂದಿರುವ ಭರವಸೆ. ಇದನ್ನು ಹೇಳುವಾಗ ನಾಟಕವನ್ನು ಪುರಾಣಪ್ರವಚನವನ್ನಾಗಿ ಮಾಡಬಾರದು. ದಾರಿ ಇದ್ದೂ ಅದನ್ನು ಕಾಣದೆ ಹೋದವನ ಕಥೆಯೆಂಬ ಕಾರಣದಿಂದಲೇ ಅದು ರುದ್ರನಾಟಕವಾಗಿದೆ.

ಆಸೆಯೆಲ್ಲವೂ ಪಾಪವೇ?

ತರಗತಿಯಲ್ಲಿ ಚುರುಕಾದ ವಿದ್ಯಾರ್ಥಿಯು ಕೇಳಿಯೇ ತೀರುವ ಒಂದು ಪ್ರಶ್ನೆಯಿದೆ. ವಾರ್ಷಿಕೋತ್ಸವದ ಭಾಷಣಗಳಲ್ಲಿ ದೊಡ್ಡ ಆಕಾಂಕ್ಷೆಯಿರಲಿ ಎನ್ನುತ್ತೀರಿ, ಈ ಪಾಠದಲ್ಲಿ ಆಕಾಂಕ್ಷೆಯೇ ನಾಶವೆನ್ನುತ್ತೀರಿ, ಯಾವುದು ನಿಜ? ಇದಕ್ಕೆ ಉತ್ತರ ಕಲ್ಯಾಣದಲ್ಲಿಯೇ ದೊರೆಯುತ್ತದೆ. ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನ ಮಹಾಮಂಡಲೇಶ್ವರನಾಗಿದ್ದವನು. ತನ್ನ ಒಡೆಯನ ಸಿಂಹಾಸನವನ್ನು ತಾನೇ ಏರಿದನು. ಅದೇ ಬಿಜ್ಜಳನ ಭಂಡಾರವು ಬಸವಣ್ಣನವರ ಕೈಯಲ್ಲಿತ್ತು. ಭಂಡಾರವನ್ನು ಜಂಗಮರಿಗೆ ವೆಚ್ಚ ಮಾಡಿದನೆಂಬ ದೂರು ಬಂದು ಎಣಿಸಿದಾಗ ಒಂದು ಕಾಸೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಒಂದೇ ಅರಮನೆಯಲ್ಲಿ ಒಬ್ಬನು ಪರರ ಪೀಠವನ್ನು ಬಯಸಿದನು. ಇನ್ನೊಬ್ಬರು ಕೈಗೆ ಬಂದುದನ್ನು ತಮ್ಮದಲ್ಲವೆಂದು ಕಂಡರು. ಅನುಭವಮಂಟಪವನ್ನು ಕಟ್ಟಿದ ಬಯಕೆ ಬಿಜ್ಜಳನ ಬಯಕೆಗಿಂತ ಸಣ್ಣದೇನಲ್ಲ. ಕಾಯಕದ ಮೂಲಕ ಬೆಳೆಯುವ ಆಕಾಂಕ್ಷೆ ಬೇರೆ, ಇನ್ನೊಬ್ಬನನ್ನು ಅಳಿಸಿ ಬೆಳೆಯುವ ಆಕಾಂಕ್ಷೆ ಬೇರೆ. ಈ ವಿವೇಕವನ್ನು ಕೊಡದೆ 'ಅತಿಯಾಸೆ ಗತಿಗೇಡು' ಎಂಬ ಗಾದೆಯಲ್ಲಿ ಪಾಠವನ್ನು ಮುಗಿಸಿದರೆ ಷೇಕ್ಸ್‌ಪಿಯರನನ್ನು ಓದಿಸುವ ಅಗತ್ಯವೇ ಇರಲಿಲ್ಲ.

ನಮ್ಮ ನೆಲದ ರಾಣಿಯರು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಧ್ಯಾಪಕರಿಗೆ ಈ ಪಾಠಕ್ಕೆ ಉದಾಹರಣೆಗಳು ಕಾಲಬುಡದಲ್ಲೇ ಇವೆ. ಕೆಳದಿಯಲ್ಲಿ ಮೊದಲಾಗಿ, ಇಕ್ಕೇರಿಗೆ ಬೆಳೆದು, ಬಿದನೂರಿನಲ್ಲಿ ಕೊನೆಗಂಡ ವೀರಶೈವ ಅರಸುಮನೆತನದ ಕೋಟೆಗಳ ನಡುವೆಯೇ ನಮ್ಮ ಶಾಲೆಗಳಿವೆ. ಈ ಸೀಮೆಯವರೇ ಆದ ಕುವೆಂಪು ಅವರು ೧೯೩೦ರ ದಶಕದ ಆರಂಭದಲ್ಲಿ 'ಹ್ಯಾಮ್ಲೆಟ್' ನಾಟಕವನ್ನು ಬಿದನೂರಿನ ಅರಮನೆಗೆ ತಂದು 'ರಕ್ತಾಕ್ಷಿ'ಯನ್ನು ರಚಿಸಿದರು. ಷೇಕ್ಸ್‌ಪಿಯರನ ರುದ್ರಪ್ರಪಂಚಕ್ಕೆ ಈ ನೆಲವು ಹೊಂದುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಈ ಹೊಂದಿಕೆಯಲ್ಲಿಯೇ ಒಂದು ಅಪಾಯವೂ ಅಡಗಿದೆ. ೧೭೫೫ರಲ್ಲಿ ಎರಡನೆಯ ಬಸಪ್ಪನಾಯಕನು ತೀರಿಕೊಂಡ ಮೇಲೆ ದತ್ತುಪುತ್ರ ಚೆನ್ನಬಸಪ್ಪನಾಯಕನ ಹೆಸರಿನಲ್ಲಿ ರಾಣಿ ವೀರಮ್ಮಾಜಿಯು ಆಡಳಿತ ನಡೆಸಿದಳು. ಕೆಲವೇ ವರ್ಷಗಳಲ್ಲಿ ಆ ತರುಣನು ಮರೆಯಾದನು. ರಾಣಿಯೂ ನಿಂಬಯ್ಯನೆಂಬವನೂ ಕೂಡಿ ಅವನನ್ನು ಕೊಲ್ಲಿಸಿದರೆಂಬ ಮಾತು ಹಬ್ಬಿತು. ೧೭೬೩ರಲ್ಲಿ, ನಾನೇ ಆ ಚೆನ್ನಬಸಪ್ಪ, ಸಾಯದೆ ಉಳಿದವನು ಎಂದು ಹೇಳಿಕೊಂಡ ಒಬ್ಬ ತರುಣನನ್ನು ಮುಂದಿಟ್ಟುಕೊಂಡು ಹೈದರಾಲಿಯು ಬಿದನೂರನ್ನು ಹಿಡಿದನು. ಹಿಡಿದ ಮೇಲೆ ರಾಜ್ಯವನ್ನು ಆ ತರುಣನಿಗೆ ಕೊಡಲಿಲ್ಲ. ಸೆರೆಯಾದ ವೀರಮ್ಮಾಜಿಯು ಮಧುಗಿರಿಯ ಕೋಟೆಯಲ್ಲಿ ದಿನ ಕಳೆದಳು. ೧೭೬೭ರಲ್ಲಿ ಮರಾಠರು ಅವಳನ್ನು ಬಿಡಿಸಿದರು. ಪುಣೆಯ ದಾರಿಯಲ್ಲಿಯೇ ಅವಳು ಕೊನೆಯುಸಿರೆಳೆದಳೆಂದು ಚರಿತ್ರಕಾರರು ಬರೆಯುತ್ತಾರೆ.

ಈ ವೃತ್ತಾಂತವನ್ನು ಹೇಳಿ, ಇವಳೇ ನಮ್ಮ ಲೇಡಿ ಮ್ಯಾಕ್‌ಬೆತ್ ಎಂದುಬಿಡುವುದು ಅಧ್ಯಾಪಕನಿಗೆ ಬಹು ಸುಲಭ. ಮಕ್ಕಳೂ ಕಣ್ಣರಳಿಸಿ ಕೇಳುತ್ತಾರೆ. ಹಾಗೆ ಹೇಳಕೂಡದೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಸತ್ತನೆಂಬ ಹುಡುಗನೇ ಬದುಕಿರುವೆನೆಂದು ಬಂದ ಕಥೆಯಲ್ಲಿ ಕೊಲೆಯೇ ನಿಶ್ಚಿತವಾಗಿಲ್ಲ. ನಡತೆಗೆಟ್ಟ ರಾಣಿ ಎಂಬ ಅಪವಾದದಿಂದ ಹೆಚ್ಚಿನ ಲಾಭ ಪಡೆದವನು ಅವಳ ರಾಜ್ಯವನ್ನು ಗೆದ್ದವನು. ಹೆಣ್ಣೊಬ್ಬಳು ಆಳಿದಾಗ ಅವಳ ಶೀಲದ ಮೇಲೆಯೇ ಮೊದಲ ಬಾಣ ಬೀಳುವುದು ಚರಿತ್ರೆಯಲ್ಲಿ ಹೊಸದಲ್ಲ.

ಸ್ವತಃ ಮ್ಯಾಕ್‌ಬೆತ್ತನ ಚರಿತ್ರೆಯೇ ಇದಕ್ಕೆ ಎಚ್ಚರಿಕೆ ನೀಡುತ್ತದೆ. ನಿಜವಾದ ಮ್ಯಾಕ್‌ಬೆತ್ ೧೦೪೦ರಿಂದ ೧೦೫೭ರವರೆಗೆ, ಹದಿನೇಳು ವರ್ಷ ಸ್ಕಾಟ್ಲೆಂಡನ್ನು ಆಳಿದನು. ಡಂಕನ್ ಮುದುಕನಾಗಿರಲಿಲ್ಲ, ಹಾಸಿಗೆಯಲ್ಲಿ ಸಾಯಲೂ ಇಲ್ಲ. ಮ್ಯಾಕ್‌ಬೆತ್ತನೊಡನೆ ನಡೆದ ಕಾಳಗದಲ್ಲಿ ಮಡಿದ ತರುಣ ಅರಸು. ೧೦೫೦ರಲ್ಲಿ ಮ್ಯಾಕ್‌ಬೆತ್ ರೋಮಿಗೆ ಯಾತ್ರೆ ಹೋಗಿ ಬಡವರಿಗೆ ಹಣವನ್ನು ಹಂಚಿದನೆಂದು ದಾಖಲೆಯಿದೆ. ಷೇಕ್ಸ್‌ಪಿಯರನಿಗೆ ಆಧಾರವಾದ ಹಾಲಿನ್‌ಷೆಡ್ಡನ ಚರಿತ್ರೆಗ್ರಂಥದಲ್ಲಿ ಬ್ಯಾಂಕೋ ಕೂಡ ಒಳಸಂಚಿನಲ್ಲಿ ಪಾಲುಗಾರ. ೧೬೦೩ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ ಜೇಮ್ಸ್ ದೊರೆಯು ತನ್ನನ್ನು ಬ್ಯಾಂಕೋನ ವಂಶದವನೆಂದು ಎಣಿಸುತ್ತಿದ್ದನು; ನಾಟಕದಲ್ಲಿ ಬ್ಯಾಂಕೋ ನಿರ್ದೋಷಿಯಾದನು. ಕವಿಯು ಅಂತರಂಗದ ಸತ್ಯವನ್ನು ಕಾಣಿಸಲು ಒಂದು ಹೆಸರನ್ನು ಬಳಸಿಕೊಂಡನು. ಆ ಹೆಸರಿನ ಮನುಷ್ಯನಿಗೆ ಮಾತ್ರ ಅಪಕೀರ್ತಿ ಶಾಶ್ವತವಾಗಿ ಅಂಟಿತು. ನಾಟಕದ ಸತ್ಯವೂ ಚರಿತ್ರೆಯ ಸತ್ಯವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. 'ರಕ್ತಾಕ್ಷಿ'ಯನ್ನು ಓದುವಾಗಲೂ ಈ ವಿವೇಕವಿರಬೇಕು. ಅದು ಕಾವ್ಯಸೃಷ್ಟಿಯೇ ಹೊರತು ನ್ಯಾಯಾಲಯದ ತೀರ್ಪಲ್ಲ.

ಬಿದನೂರಿನಿಂದ ಉದಾಹರಣೆ ಬೇಕೇ ಬೇಕೆಂದರೆ ಇನ್ನೊಬ್ಬ ರಾಣಿಯಿದ್ದಾಳೆ. ೧೬೭೨ರಿಂದ ೧೬೯೭ರವರೆಗೆ ಆಳಿದ ಚೆನ್ನಮ್ಮಾಜಿಯು ೧೬೮೯ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಜಿಂಜಿಯ ದಾರಿಗೆ ಕಳುಹಿಸಿಕೊಟ್ಟಳು. ಅದಕ್ಕಾಗಿ ಔರಂಗಜೇಬನ ಸೇನೆಯನ್ನು ಎದುರಿಸಿದಳು. ಸಿಂಹಾಸನಕ್ಕಾಗಿ ಅತಿಥಿಯನ್ನು ಕೊಂದವನ ಕಥೆಯ ಪಕ್ಕದಲ್ಲಿ, ಅತಿಥಿಗಾಗಿ ಸಿಂಹಾಸನವನ್ನೇ ಪಣವಿಟ್ಟವಳ ಕಥೆಯನ್ನು ಇರಿಸಿದರೆ ವಿದ್ಯಾರ್ಥಿಗಳು ಎರಡನ್ನೂ ಮರೆಯಲಾರರು.

ಹೀಗೆ ನೋಡಿದರೆ ಅಧ್ಯಾಪಕನ ಮುಂದಿರುವ ಕೆಲಸ ಎರಡು. ನಾಟಕದೊಳಗೆ ಮ್ಯಾಕ್‌ಬೆತ್ತನ ಪಾಪವನ್ನು ತನ್ನದೇ ಎಂಬಷ್ಟು ಹತ್ತಿರದಿಂದ ಕಾಣುವಂತೆ ವಿದ್ಯಾರ್ಥಿಗೆ ಕಲಿಸುವುದು ಒಂದು. ನಾಟಕದ ಹೊರಗೆ, ಬದುಕಿದ್ದು ಅಳಿದವರ ಮೇಲೆ ಸಾಕ್ಷಿಯಿಲ್ಲದೆ ಪಾಪವನ್ನು ಹೊರಿಸದಂತೆ ಕಲಿಸುವುದು ಇನ್ನೊಂದು. ತನ್ನ ಬಗೆಗೆ ಕಠಿಣನಾಗಿ, ಪರರ ಬಗೆಗೆ ಸಾವಧಾನಿಯಾಗಿರುವುದು ಶರಣಮಾರ್ಗವೇ ಆಗಿದೆ. ಪ್ರಶ್ನೆಪತ್ರಿಕೆಯು 'ಅಪರಾಧಿ ಯಾರು?' ಎಂದು ಕೇಳುತ್ತಲೇ ಇರಲಿ. 'ತಿಳಿದೂ ನಾನು ತಪ್ಪಿದ್ದು ಎಲ್ಲಿ?' ಎಂಬ ಪ್ರಶ್ನೆಯೊಂದನ್ನು ಮನೆಗೆ ಕೊಂಡೊಯ್ದ ವಿದ್ಯಾರ್ಥಿಯು ಷೇಕ್ಸ್‌ಪಿಯರನನ್ನೂ ಓದಿದಂತಾಯಿತು, ವಚನಗಳ ಹೊಸ್ತಿಲಿಗೂ ಬಂದಂತಾಯಿತು.