ನಗುವಿನ ಬೆನ್ನಿಗೆ ಗೆಜ್ಜೆ ಸದ್ದು

ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಬೆರಗಾಗುವುದು ಅದರ ಹದಕ್ಕೆ. ಹಳೇ ಅರಮನೆಯಲ್ಲಿ ದ್ವಾರಕೀಶ್ ಅವರ ಮುದ್ದಣ್ಣ ಕಣ್ಣರಳಿಸಿ ನಡುಗುತ್ತಾನೆ. ನಾವು ಬಿದ್ದು ಬಿದ್ದು ನಗುತ್ತೇವೆ. ನಕ್ಕು ಮೈ ಸಡಿಲಾದ ಹೊತ್ತಿಗೇ ಗೆಜ್ಜೆಯ ಸದ್ದು! ಬಿಗಿಹಿಡಿದು ಕೂತವರನ್ನು ಬೆಚ್ಚಿಬೀಳಿಸುವುದು ಕಷ್ಟ. ಅದಕ್ಕೇ ಮೊದಲು ನಗಿಸುವ ಈ ಜಾಣತನ. ವಿಷ್ಣುವರ್ಧನ್ ಅವರ ಮನೋವೈದ್ಯ ತುಂಟ ನಗೆಯಲ್ಲೇ ಗುಟ್ಟು ಬಚ್ಚಿಡುತ್ತಾನೆ. ಸೌಂದರ್ಯ ಅವರ ಗಂಗಾ ಮಾತ್ರ ಸದ್ದಿಲ್ಲದೆ ಬದಲಾಗುತ್ತಾಳೆ: ಮೊದಲು ನೋಟ, ಆಮೇಲೆ ದನಿ, ಕೊನೆಗೆ ಪೂರಾ ನಾಗವಲ್ಲಿ, ಆ ಅರಮನೆಯ ಹಳೇ ನರ್ತಕಿ.

ನಮ್ಮ ಬೀದರ್ ಕಡೆಯವರಿಗೆ ಇದರಲ್ಲಿ ಇನ್ನೊಂದು ರುಚಿ. ಮೂಲ ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಚಿತ್ರದಲ್ಲಿ ತಮಿಳಾಡಿದ ನರ್ತಕಿ ಇಲ್ಲಿ ತೆಲುಗು ಆಡುತ್ತಾಳೆ. ತೆಲಂಗಾಣಕ್ಕೆ ಅಂಟಿಕೊಂಡ ಔರಾದ್, ಮರಾಠಿ ಬೆರೆತ ಭಾಲ್ಕಿ: ಒಂದೇ ನಾಲಿಗೆಯ ಮೇಲೆ ಎರಡು ಮೂರು ಭಾಷೆ ನಮಗೆ ಹೊಸತಲ್ಲ. ಸಂತೆಯಲ್ಲಿ ಕೇಳಿದ ಆ ತೆಲುಗೇ ನಾಗವಲ್ಲಿಯ ಬಾಯಲ್ಲಿ ಬಂದಾಗ ಮೈ ಜುಮ್ಮೆನ್ನುತ್ತದೆ.

ಸಂಜೆ ಬೀದರ್ ಕೋಟೆಯ ರಂಗೀನ್ ಮಹಲಿನ ಮುಂದೆ ಹಾದರೆ ಇಂದಿಗೂ ಮೊದಲು ನಗು ಬರುತ್ತದೆ. ಕಾಲು ಮಾತ್ರ ತಾನಾಗಿ ಚುರುಕಾಗುತ್ತದೆ.